ಸಭೆಯಲ್ಲಿ ಹೇಳಿದ ಮಾತು ಏನಾಯಿತು? ವಾರ್ಡ್ ಸಮಿತಿ ಸದಸ್ಯರಿಗೂ ಪಾಲಿಕೆ ಆಯುಕ್ತರಿಗೂ ಒಂದು ಬಹಿರಂಗ ಪತ್ರ

ರಾಜ್ಯದ ಮಹಾನಗರ ಪಾಲಿಕೆಗಳ ಆಯುಕ್ತರಿಗೆ ಮತ್ತು ಸಂಬಳವಿಲ್ಲದೆ ವಾರ್ಡ್ ಸಮಿತಿಗಳಲ್ಲಿ ದುಡಿಯುತ್ತಿರುವ ಸದಸ್ಯರೆಲ್ಲರಿಗೆ,

ನಮಸ್ಕಾರ.

ವಾರ್ಡಿನ ಕಸ, ನೀರು, ದೀಪದ ಕೆಲಸದ ಮೇಲೆ ಕಣ್ಣಿಡುವ ವಾರ್ಡ್ ಸಮಿತಿಗಳು ಜನರ ಜೊತೆ ಮಾತಾಡಲು ಇಂಟರ್‌ನೆಟ್ಟನ್ನು ಹೇಗೆ ಬಳಸುತ್ತಿವೆ ಎನ್ನುವ ಬಗ್ಗೆ ಈ ಪತ್ರ. ಸಮಿತಿ ಇರುವ ಬಹಳಷ್ಟು ಕಡೆ ಈಗ ಒಂದು ವಾಟ್ಸ್‌ಆ್ಯಪ್ ಗ್ರೂಪ್ ಇದೆ. ಕೆಲವು ಕಡೆ ಫೇಸ್‌ಬುಕ್ ಪುಟವೂ ಇದೆ. ಆಗಾಗ ಒಂದು ಗೂಗಲ್ ಫಾರ್ಮ್ ಬರುತ್ತದೆ: ನಿಮ್ಮ ಬೀದಿಯ ಸಮಸ್ಯೆ ಏನು, ತಿಳಿಸಿ. ಜನ ತಿಳಿಸುತ್ತಾರೆ. ಗುಂಡಿಯ ಫೋಟೊ ತೆಗೆದು ಹಾಕುತ್ತಾರೆ. ಆಮೇಲೆ ಅದು ಏನಾಯಿತು ಎಂದು ನೋಡಲು ಒಂದು ಜಾಗ ಇಲ್ಲ.

ನಾನು ಕೇಳುತ್ತಿರುವುದು ಆ ಒಂದು ಜಾಗವನ್ನು. ಸಭೆಗೆ ಯಾವ ವಿಷಯ ಬಂತು, ಸಮಿತಿ ಏನು ತೀರ್ಮಾನ ಮಾಡಿತು, ಕೆಲಸ ಯಾರ ಪಾಲಿಗೆ ಹೋಯಿತು, ಮುಗಿಯಿತಾ ಇಲ್ಲವಾ. ಇಷ್ಟನ್ನು ಯಾರು ಬೇಕಾದರೂ, ಯಾವಾಗ ಬೇಕಾದರೂ ಕನ್ನಡದಲ್ಲಿ ಓದುವ ಹಾಗೆ ಇಡಿ. ಹೊಸ ಆ್ಯಪ್ ಬೇಡ. ಮೊದಲು ಇದಾಗಲಿ.

ಸದಸ್ಯರಿಗೆ ಒಂದು ಮಾತು ಮುಂಚೆಯೇ ಹೇಳಿಬಿಡುತ್ತೇನೆ. ಇದು ನಿಮ್ಮ ಮೇಲಿನ ದೂರಲ್ಲ. ಶನಿವಾರದ ಬಿಡುವನ್ನು ಬಿಟ್ಟುಕೊಟ್ಟು, ಸ್ವಂತ ಫೋನಿನ ಡೇಟಾ ಖರ್ಚು ಮಾಡಿ, ರಾತ್ರಿ ಹತ್ತು ಗಂಟೆಗೂ "ನಮ್ಮ ರೋಡಲ್ಲಿ ಲೈಟ್ ಇಲ್ಲ" ಅನ್ನುವ ಕರೆ ತೆಗೆದುಕೊಳ್ಳುವವರು ನೀವು. ನಿಮಗೆ ಗೌರವಧನ ಇಲ್ಲ, ಕಚೇರಿ ಇಲ್ಲ, ಬರೆದುಕೊಳ್ಳಲು ಒಬ್ಬ ಗುಮಾಸ್ತ ಕೂಡ ಇಲ್ಲ. ಕೆಲಸ ಆದರೆ ಹೆಸರು ಬೇರೆಯವರಿಗೆ, ಆಗದಿದ್ದರೆ ಬೈಗುಳ ನಿಮಗೆ. ಹಾಗಿದ್ದೂ ಬರುತ್ತಿದ್ದೀರಿ. ನಾನು ಬರೆಯುತ್ತಿರುವುದು ನಿಮ್ಮ ಶ್ರಮ ನೀರುಪಾಲಾಗಬಾರದು ಅನ್ನುವ ಕಾಳಜಿಯಿಂದ.

ಈ ಸಮಿತಿಗಳು ಸುಮ್ನೆ ಬಂದವಲ್ಲ ಅಲ್ವಾ? ಸಂವಿಧಾನದ 74ನೇ ತಿದ್ದುಪಡಿ ಜಾರಿಗೆ ಬಂದಿದ್ದು 1993ರ ಜೂನ್ 1ರಂದು. ಮೂರು ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಜನರಿರುವ ಊರಲ್ಲಿ ವಾರ್ಡ್ ಸಮಿತಿ ಇರಬೇಕು ಎಂದು ಅದರ 243ಎಸ್ ವಿಧಿ ಹೇಳಿತು. ಕರ್ನಾಟಕದ ಪಾಲಿಕೆ ಕಾಯ್ದೆಗೆ 2011ರಲ್ಲಿ ಆದ ತಿದ್ದುಪಡಿ ವಾರ್ಡಿಗೊಂದು ಸಮಿತಿ ಎಂದು ಸ್ಪಷ್ಟ ಮಾಡಿತು. ಹತ್ತು ಜನ ಸದಸ್ಯರು, ಅದರಲ್ಲಿ ಕನಿಷ್ಠ ಮೂವರು ಮಹಿಳೆಯರು, ಇಬ್ಬರು ಪರಿಶಿಷ್ಟ ಜಾತಿ ಅಥವಾ ಪಂಗಡದವರು, ಇಬ್ಬರು ನಿವಾಸಿಗಳ ಸಂಘದವರು. ತಿಂಗಳಿಗೆ ಒಂದಾದರೂ ಸಭೆ. ಕಸ, ನೀರು, ದೀಪ, ಪಾರ್ಕು, ವಾರ್ಡಿನ ಅಭಿವೃದ್ಧಿ ಯೋಜನೆ, ಎಲ್ಲದರ ಮೇಲೂ ಕಣ್ಣಿಡುವ ಕೆಲಸ. ಕಾಗದದ ಮೇಲೆ ಇದು ಬಂದರೂ ಬೀದಿಗೆ ಇಳಿಯಲು ಇನ್ನೂ ಎಷ್ಟೋ ವರ್ಷ ಹಿಡಿಯಿತು. ಬೆಂಗಳೂರಿನಲ್ಲಿ ಕಸದ ಕೇಸು ಹೈಕೋರ್ಟಿನಲ್ಲಿ ನಡೆದು, ನಾಗರಿಕರು ಬೆನ್ನು ಹತ್ತಿದ ಮೇಲೆ ಸಮಿತಿಗಳಾದವು. ತಿಂಗಳ ಮೊದಲ ಶನಿವಾರ ಸಭೆ ಅನ್ನುವ ಪದ್ಧತಿ ಬಂತು. ಮಂಗಳೂರಿನ 60 ವಾರ್ಡ್‌ಗಳಲ್ಲಿ ಸಮಿತಿ ಆಗಲಿ ಎಂದೂ ಅಲ್ಲಿನ ಜನ ಹೈಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು.

ಬೆಂಗಳೂರಿನಲ್ಲಿ ಚುನಾಯಿತ ಕೌನ್ಸಿಲಿನ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ಅಲ್ಲಿಂದ ವರ್ಷಗಟ್ಟಲೆ ಕಾರ್ಪೊರೇಟರ್‌ಗಳೇ ಇರಲಿಲ್ಲ. ವಾರ್ಡಿಗೊಬ್ಬ ನೋಡಲ್ ಅಧಿಕಾರಿಯನ್ನು ಕೂರಿಸಿ ಸಮಿತಿ ಸಭೆ ನಡೆಸಿದರು. ಕೋವಿಡ್ ಸಮಯದಲ್ಲಿ ಹಲವು ಸಭೆಗಳು ಫೋನಿನ ಪರದೆಗೆ ಬಂದವು. ಓಟು ಹಾಕಿ ಕಳಿಸಿದವರು ಯಾರೂ ಇಲ್ಲದ ಆ ಕಾಲದಲ್ಲಿ, ಸಾಮಾನ್ಯ ಜನ ಹೋಗಿ "ಸ್ವಾಮಿ, ನಮ್ಮ ಕಷ್ಟ ಕೇಳಿ" ಅನ್ನಲು ಇದ್ದ ಬಾಗಿಲು ಇದೊಂದೇ ಅಂದರೂ ತಪ್ಪಿಲ್ಲ. ಅಲ್ಲಿ ಆಡಿದ ಮಾತುಗಳ ದಾಖಲೆ ಒಂದು ಕಡೆ ಉಳಿದಿರಬೇಕು ಅನ್ನುವುದು ಅದಕ್ಕೇ.

ಈಗ ವಾಟ್ಸ್‌ಆ್ಯಪ್ ಗ್ರೂಪಿನ ವಿಚಾರ. ಬೆಳಗ್ಗೆ ಆರಕ್ಕೆ ಹೂವಿನ ಚಿತ್ರದ ಜೊತೆ ಶುಭೋದಯ. ಒಂಬತ್ತಕ್ಕೆ ಒಬ್ಬರು ಕಸದ ರಾಶಿಯ ಫೋಟೊ ಹಾಕುತ್ತಾರೆ, ಜಾಗದ ಹೆಸರಿಲ್ಲ. ಕೆಳಗೆ ಇಪ್ಪತ್ತು ಹೆಬ್ಬೆರಳು. ಮಧ್ಯಾಹ್ನ ಯಾರದೋ ಕಳೆದುಹೋದ ನಾಯಿಮರಿ. ಸಂಜೆ ರಾಜಕೀಯದ ಒಂದು ವಿಡಿಯೊ, ಅದರ ಮೇಲೆ ಜಗಳ, ಅಡ್ಮಿನ್ ಕೈ ಮುಗಿದು "ದಯವಿಟ್ಟು ವಾರ್ಡಿನ ವಿಷಯ ಮಾತ್ರ ಹಾಕಿ" ಅನ್ನುತ್ತಾರೆ. ಇದರ ಮಧ್ಯೆ ಎಲ್ಲೋ "ನಾಳೆ ಬೆಳಗ್ಗೆ 11ಕ್ಕೆ ಸಭೆ, ಎಲ್ಲರೂ ಬನ್ನಿ" ಎಂದು ಒಂದು ಸಾಲು ಬಂದು ಹೋಗಿರುತ್ತದೆ. ನೋಡಿದವರು ನೋಡಿದರು. ಗಾರ್ಮೆಂಟ್ಸ್ ಕೆಲಸ ಮುಗಿಸಿ ರಾತ್ರಿ ಎಂಟಕ್ಕೆ ಫೋನ್ ತೆರೆಯುವ ಹೆಣ್ಣುಮಗಳು ನೂರೈವತ್ತು ಮೆಸೇಜ್ ದಾಟಿ ಆ ಸಾಲನ್ನು ಹುಡುಕಬೇಕು.

ಗ್ರೂಪಿಗೆ 1,024 ಜನರ ಮಿತಿ ಇದೆ. 2011ರ ಜನಗಣತಿಯ ಲೆಕ್ಕ ಹಿಡಿದರೂ ಬೆಂಗಳೂರಿನ ಈಗಿನ ವಾರ್ಡೊಂದರಲ್ಲಿ ಸರಾಸರಿ 20,000ಕ್ಕೂ ಜಾಸ್ತಿ ಜನ ಇದ್ದಾರೆ. ಹಾಗಾದರೆ ಗ್ರೂಪ್ ತುಂಬಿ ತುಳುಕಿದರೂ ಅದರಲ್ಲಿ ಇಪ್ಪತ್ತರಲ್ಲಿ ಒಬ್ಬರು. ಬಾಡಿಗೆ ಮನೆಯವರು, ಹೊಸದಾಗಿ ಬಂದವರು, ಶೆಡ್ಡುಗಳಲ್ಲಿ ಇರುವವರು ಹೊರಗೇ ಉಳಿಯುತ್ತಾರೆ. ಲಿಂಕ್ ಯಾರ ಹತ್ತಿರ ಇದೆ ಎಂದು ಗೊತ್ತಿದ್ದವರಿಗೆ ಮಾತ್ರ ಪ್ರವೇಶ. ಇವತ್ತು ಸೇರಿದವರಿಗೆ ಹೋದ ವರ್ಷ ಏನು ಮಾತಾಯಿತು ಅನ್ನುವುದು ಕಾಣುವುದಿಲ್ಲ. ಗೂಗಲ್‌ನಲ್ಲಿ ಹುಡುಕಿದರೂ ಸಿಗುವುದಿಲ್ಲ.

ಇನ್ನೊಂದು ತೊಂದರೆಯನ್ನು ಹೆಂಗಸರೇ ಜಾಸ್ತಿ ಅನುಭವಿಸುತ್ತಾರೆ. ಗ್ರೂಪಿಗೆ ಸೇರಿದ ಕೂಡಲೇ ನಮ್ಮ ನಂಬರ್ ನೂರಾರು ಅಪರಿಚಿತರ ಕೈಗೆ ಸಿಗುತ್ತದೆ. ನನಗೆ ಗೊತ್ತಿರುವ ಒಬ್ಬರು ಮೋರಿ ಕಟ್ಟಿಕೊಂಡಿದ್ದರ ಬಗ್ಗೆ ಗ್ರೂಪಿನಲ್ಲಿ ಬರೆದರು. ಆ ರಾತ್ರಿಯೇ ಗುರುತಿಲ್ಲದ ನಂಬರಿನಿಂದ ಕರೆ: ನಿಮಗ್ಯಾಕೆ ಮೇಡಂ ಇದೆಲ್ಲ? ಅವರು ಗ್ರೂಪ್ ಬಿಟ್ಟರು. ಮತ್ತೆ ಸಭೆಗೂ ಬರಲಿಲ್ಲ. ಸಮಿತಿಯಲ್ಲಿ ಮೂವರು ಮಹಿಳೆಯರು ಇರಲೇಬೇಕು ಎಂದು ಕಾನೂನು ಹೇಳುತ್ತದೆ. ಸಮಿತಿಗೆ ದೂರು ಕೊಡುವ ಮಹಿಳೆಯ ನಂಬರನ್ನು ಕಾಪಾಡುವುದೂ ಅಷ್ಟೇ ಮುಖ್ಯ ಅಲ್ವಾ? ನಂಬರ್ ಕಾಣಿಸದ ವಾಟ್ಸ್‌ಆ್ಯಪ್ ಚಾನೆಲ್ ಅನ್ನುವ ಸೌಲಭ್ಯ ಬಂದಿದೆ. ಸಭೆಯ ದಿನಾಂಕ, ನೀರು ಬಿಡುವ ಹೊತ್ತು, ರಸ್ತೆ ಅಗೆಯುವ ಸುದ್ದಿ, ಇಂಥವಕ್ಕೆ ಅದು ಸಾಕು. ದೂರಿಗೆ ಬೇರೆ ದಾರಿ ಇರಲಿ.

ಗ್ರೂಪ್ ಮುಚ್ಚಿ ಎಂದು ನಾನು ಹೇಳುತ್ತಿಲ್ಲ. ಮಳೆ ಬಂದು ಅಂಡರ್‌ಪಾಸಿನಲ್ಲಿ ನೀರು ನಿಂತ ರಾತ್ರಿ ಅದಕ್ಕಿಂತ ಬೇಗ ಸುದ್ದಿ ಮುಟ್ಟಿಸುವುದು ಬೇರೆ ಇಲ್ಲ. ಆದರೆ ಅದು ಸಮಿತಿಯ ಕಡತವಾಗಲು ಸಾಧ್ಯವಿಲ್ಲ.

ಕಡತ ಅಂದರೆ ನಡವಳಿ, ಸಭೆಯಲ್ಲಿ ಆಗಿದ್ದನ್ನು ಬರೆದಿಡುವ ದಾಖಲೆ. ನನಗೆ ಬಹಳ ಬೇಸರ ತರಿಸುವ ವಿಷಯ ಇದು, ಹಾಗಾಗಿ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ನಮ್ಮ ಕಡೆ ನಡೆದ ಒಂದು ಸಭೆಯ ವಿಷಯ ಹೇಳುತ್ತೇನೆ. ಹೊಲಿಗೆ ಅಂಗಡಿ ಇಟ್ಟಿರುವ ಒಬ್ಬ ಅಕ್ಕ ಎದ್ದು ನಿಂತರು. ಸರ್ಕಾರಿ ಶಾಲೆಯ ಹಿಂದಿನ ಅಡ್ಡರಸ್ತೆಯಲ್ಲಿ ಮೂರು ಕಂಬದ ದೀಪ ಉರಿಯುತ್ತಿಲ್ಲ, ಟ್ಯೂಷನ್ ಮುಗಿಸಿ ಬರುವ ಹೆಣ್ಣುಮಕ್ಕಳು ಸುತ್ತು ಹಾಕಿ ಬರುತ್ತಿದ್ದಾರೆ ಅಂದರು. ಕಂಬದ ಮೇಲಿನ ನಂಬರನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಬಂದಿದ್ದರು. ಎಂಜಿನಿಯರ್ ಚೀಟಿ ಇಸಕೊಂಡರು, ಒಂದು ವಾರದಲ್ಲಿ ಮಾಡಿಸುತ್ತೇನೆ ಎಂದು ಎಲ್ಲರ ಮುಂದೆ ಹೇಳಿದರು. ಒಳ್ಳೆಯ ಸಭೆ. ಆಮೇಲೆ ನಡವಳಿ ಪುಸ್ತಕ ನೋಡಿದೆ. ಅದರಲ್ಲಿ ಇದ್ದಿದ್ದು ಇಷ್ಟು: "ಸಾರ್ವಜನಿಕರ ಅಹವಾಲುಗಳನ್ನು ಆಲಿಸಲಾಯಿತು. ಬೀದಿ ದೀಪಗಳ ದುರಸ್ತಿ ಕುರಿತು ಸಂಬಂಧಪಟ್ಟವರಿಗೆ ಸೂಕ್ತ ಕ್ರಮಕ್ಕಾಗಿ ಸೂಚಿಸಲಾಯಿತು."

ಅಕ್ಕನ ಚೀಟಿ ಎಲ್ಲಿ ಹೋಯಿತು? ಅಡ್ಡರಸ್ತೆ ಎಲ್ಲಿ? ಮೂರು ಕಂಬ ಎಲ್ಲಿ? ಒಂದು ವಾರ ಎಲ್ಲಿ? ಆ ಎರಡು ಸಾಲನ್ನು ಯಾವ ವಾರ್ಡಿನ ಯಾವ ತಿಂಗಳ ಸಭೆಗೆ ಅಂಟಿಸಿದರೂ ನಡೆಯುತ್ತದೆ. ಮುಂದಿನ ತಿಂಗಳು ಆ ಎಂಜಿನಿಯರ್‌ಗೆ ವರ್ಗಾವಣೆಯಾದರೆ, ಹೊಸದಾಗಿ ಬಂದವರಿಗೆ ಏನೂ ಗೊತ್ತಾಗುವುದಿಲ್ಲ. ಅಕ್ಕ ಮತ್ತೆ ಅಂಗಡಿ ಮುಚ್ಚಿ ಬಂದು ಮೊದಲಿನಿಂದ ಹೇಳಬೇಕು. ಯಾರು ಬರುತ್ತಾರೆ? ಸಭೆಗೆ ಜನ ಬರುವುದಿಲ್ಲ, ಜನರಿಗೆ ಆಸಕ್ತಿ ಇಲ್ಲ ಎಂದು ಅಧಿಕಾರಿಗಳು ಹೇಳುವುದನ್ನು ಕೇಳಿದ್ದೇನೆ. ಆಸಕ್ತಿ ಇತ್ತು. ಚೀಟಿ ಬರೆದುಕೊಂಡು ಬರುವಷ್ಟು ಇತ್ತು.

ಅದೇ ನಡವಳಿಯನ್ನು ಹೀಗೆ ಬರೆದಿದ್ದರೆ ನೋಡಿ: "ಶಾಲೆ ಹಿಂಭಾಗದ ಅಡ್ಡರಸ್ತೆ, ಮೂರು ಕಂಬ, ದೀಪ ಇಲ್ಲ. ಹೊಣೆ: ವಿದ್ಯುತ್ ವಿಭಾಗದ ಎಂಜಿನಿಯರ್. ಗಡುವು: ಮುಂದಿನ ಶನಿವಾರ. ಈಗಿನ ಸ್ಥಿತಿ: ಎರಡು ಕಂಬ ಸರಿಯಾಗಿದೆ, ಮೂರನೆಯದಕ್ಕೆ ಕೇಬಲ್ ಬೇಕು." ದೂರು ಕೊಟ್ಟವರ ಹೆಸರು ಬೇಕಿಲ್ಲ, ಬೀದಿಯ ಹೆಸರು ಸಾಕು. ಇದನ್ನು ಬರೆಯಲು ಕಂಪ್ಯೂಟರ್ ಕೋರ್ಸ್ ಮಾಡಿರಬೇಕಿಲ್ಲ. ಒಂದು ಪುಟದಲ್ಲಿ ನಾಲ್ಕು ಕಾಲಮ್ ಹಾಕಿದರೆ ಆಯಿತು. ಅದನ್ನು ಇಂಟರ್‌ನೆಟ್ಟಿಗೆ ಹಾಕಿದ ದಿನ ಎಂಜಿನಿಯರ್‌ಗೂ ಒಳ್ಳೆಯದೇ. ಎರಡು ಕಂಬ ಸರಿ ಮಾಡಿಸಿದ್ದು ಎಲ್ಲರಿಗೂ ಕಾಣುತ್ತದೆ. ಏನೂ ಮಾಡಿಲ್ಲ ಅನ್ನುವ ಮಾತು ತಪ್ಪುತ್ತದೆ. ಕೇಬಲ್ ಇಲ್ಲದ್ದು ಅವರ ತಪ್ಪಲ್ಲ ಅನ್ನುವುದೂ ಕಾಣುತ್ತದೆ.

ಕೆಲವು ಅಧಿಕಾರಿಗಳು ಕೇಳುತ್ತಾರೆ, ನಡವಳಿಯನ್ನು ಹೀಗೆ ಬಹಿರಂಗವಾಗಿ ಹಾಕಲು ಆದೇಶ ಎಲ್ಲಿದೆ ಎಂದು. ಮಾಹಿತಿ ಹಕ್ಕು ಕಾಯ್ದೆ, 2005ರ ನಾಲ್ಕನೇ ಸೆಕ್ಷನ್ ಓದಿ. ಸಾರ್ವಜನಿಕ ಪ್ರಾಧಿಕಾರ ತನ್ನ ಮಂಡಳಿಗಳು, ಸಮಿತಿಗಳ ವಿವರವನ್ನು ತಾನಾಗಿಯೇ ಪ್ರಕಟಿಸಬೇಕು. ಅವುಗಳ ಸಭೆಗೆ ಸಾರ್ವಜನಿಕರು ಬರಬಹುದಾ, ನಡವಳಿ ಸಾರ್ವಜನಿಕರಿಗೆ ಸಿಗುತ್ತದಾ ಎಂದೂ ಹೇಳಬೇಕು. 4(1)(ಬಿ)ಯ ಎಂಟನೇ ಅಂಶ ಅದು. ಯಾರೂ ಅರ್ಜಿ ಹಾಕುವ ಅಗತ್ಯವೇ ಬೀಳದಷ್ಟು ಮಾಹಿತಿಯನ್ನು ಇಂಟರ್‌ನೆಟ್ ಸೇರಿದಂತೆ ಬೇರೆ ಬೇರೆ ದಾರಿಯಲ್ಲಿ ನೀವೇ ಕೊಡುತ್ತಾ ಇರಿ ಎಂದು ಅದೇ ಸೆಕ್ಷನ್ ಮುಂದೆ ಹೇಳುತ್ತದೆ. ಸ್ಥಳೀಯ ಭಾಷೆಯನ್ನೂ ಆ ಜಾಗದಲ್ಲಿ ಜನರನ್ನು ನಿಜವಾಗಿ ತಲುಪುವ ವಿಧಾನವನ್ನೂ ಗಮನದಲ್ಲಿ ಇಟ್ಟುಕೊಳ್ಳಿ ಎಂದು ಕೂಡ ಹೇಳುತ್ತದೆ. ಇಷ್ಟು ಇದ್ದ ಮೇಲೆ ಇನ್ಯಾವ ಆದೇಶ ಬೇಕು? ಆಯುಕ್ತರು ಒಂದು ಸುತ್ತೋಲೆ ಹೊರಡಿಸಿದರೆ ಸಾಕು.

ಇಷ್ಟೆಲ್ಲ ಮಾಡಲು ಸಂಬಳವಿಲ್ಲದ ಸಣ್ಣ ಸಮಿತಿಗಳಿಗೆ ಆಗುತ್ತದಾ ಅನ್ನುವ ಪ್ರಶ್ನೆ ನ್ಯಾಯವಾದದ್ದೇ. ಇಂಗ್ಲೆಂಡಿನ ಉದಾಹರಣೆ ನೋಡೋಣ. ಅಲ್ಲಿ ಹಳ್ಳಿಗಳಲ್ಲಿ, ಸಣ್ಣ ಊರುಗಳಲ್ಲಿ ಪ್ಯಾರಿಶ್ ಕೌನ್ಸಿಲ್‌ಗಳು ಸುಮಾರು ಹತ್ತು ಸಾವಿರ ಇವೆ. ಸದಸ್ಯರಲ್ಲಿ ಬಹುತೇಕರು ಸಂಬಳ ಇಲ್ಲದವರು. ಎಷ್ಟೋ ಕಡೆ ಅರೆಕಾಲಿಕ ಕ್ಲರ್ಕ್ ಒಬ್ಬರೇ ಸಿಬ್ಬಂದಿ. ವರ್ಷಕ್ಕೆ 25,000 ಪೌಂಡ್ ಒಳಗೆ ವಹಿವಾಟು ಇರುವ ಅತಿ ಸಣ್ಣ ಕೌನ್ಸಿಲ್‌ಗಳಿಗೆ 2015ರ ಏಪ್ರಿಲ್‌ನಿಂದ ಒಂದು ಪಾರದರ್ಶಕತೆಯ ನಿಯಮ ಕಡ್ಡಾಯವಾಯಿತು. ಸಭೆಗೆ ಮೂರು ಪೂರ್ತಿ ದಿನ ಮುಂಚೆ ಅಜೆಂಡಾ ಇಂಟರ್‌ನೆಟ್ಟಿನಲ್ಲಿ ಇರಬೇಕು. ಸಭೆಯಾದ ಒಂದು ತಿಂಗಳೊಳಗೆ ನಡವಳಿಯ ಕರಡು ಇರಬೇಕು. 100 ಪೌಂಡ್ ಮೀರಿದ ಪ್ರತಿ ಖರ್ಚು ಇರಬೇಕು. ಎಲ್ಲವೂ ಉಚಿತವಾಗಿ ನೋಡಲು ಸಿಗಬೇಕು. ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ 99 ನೆರೆಹೊರೆ ಕೌನ್ಸಿಲ್‌ಗಳಿವೆ, ಅಲ್ಲೂ ಸದಸ್ಯರು ಸ್ವಯಂಸೇವಕರೇ. ಸಾಮಾನ್ಯ ಸಭೆಯ ಅಜೆಂಡಾ 72 ಗಂಟೆ ಮುಂಚೆ ಪ್ರಕಟವಾಗಲೇಬೇಕು.

ಆ ದೇಶಗಳ ಹಣ, ಆ ದೇಶಗಳ ಅಧಿಕಾರ ನಮ್ಮ ಸಮಿತಿಗಳಿಗೆ ಇಲ್ಲ ನಿಜ. ಪ್ಯಾರಿಶ್ ಕೌನ್ಸಿಲ್ ತನ್ನದೇ ಒಂದು ಸಣ್ಣ ತೆರಿಗೆ ಎತ್ತಬಲ್ಲದು, ನಮ್ಮ ಸಮಿತಿಗೆ ಅದಿಲ್ಲ. ಆದರೆ ನಾನು ಹೇಳಿದ ನಿಯಮದಲ್ಲಿ ಹಣದ ಮಾತು ಎಷ್ಟಿದೆ ನೋಡಿ. ಮುಂಚೆ ಹೇಳು, ಆಮೇಲೆ ಬರೆದಿಡು, ಖರ್ಚು ತೋರಿಸು. ಅಷ್ಟೇ. ಅಲ್ಲಿಯ ಎಲ್ಲವನ್ನೂ ತರಬೇಕಿಲ್ಲ. ಚೆಷೈರ್‌ನ ಹ್ಯಾಂಡ್‌ಫೋರ್ತ್ ಅನ್ನುವ ಊರಿನ ಪ್ಯಾರಿಶ್ ಕೌನ್ಸಿಲ್ 2020ರ ಡಿಸೆಂಬರ್‌ನಲ್ಲಿ ಜೂಮ್ ಮೇಲೆ ಸಭೆ ನಡೆಸಿತು. ಸಭೆ ಜಗಳವಾಯಿತು, ಕೆಲವು ಸದಸ್ಯರನ್ನು ಸಭೆಯಿಂದ ತೆಗೆದುಹಾಕುವವರೆಗೆ ಹೋಯಿತು. ಮುಂದಿನ ಫೆಬ್ರವರಿಯಲ್ಲಿ ಅದರ ವಿಡಿಯೊ ಲೋಕವೆಲ್ಲ ಸುತ್ತಿತು. ಆ ಊರಿನ ಯಾವ ಕೆಲಸಕ್ಕೆ ಸಭೆ ಸೇರಿತ್ತು ಎಂದು ಕೇಳಿದರೆ ನೋಡಿದವರಲ್ಲಿ ಎಷ್ಟು ಜನ ಹೇಳಿಯಾರು? ಸಭೆಯನ್ನು ನೇರ ಪ್ರಸಾರ ಮಾಡಿ ಎಂದು ನಮ್ಮಲ್ಲೂ ಒತ್ತಾಯ ಇದೆ. ನನಗೆ ಅದರ ಬಗ್ಗೆ ತಕರಾರಿಲ್ಲ. ಆದರೆ ಎರಡು ಗಂಟೆಯ ವಿಡಿಯೊದಲ್ಲಿ ತನ್ನ ಬೀದಿಯ ವಿಷಯ ಎಲ್ಲಿ ಬಂತು ಎಂದು ಹುಡುಕಲು ಯಾರಿಗೂ ಪುರುಸೊತ್ತಿಲ್ಲ. ಬರೆದ ಒಂದು ಪುಟ ಅದಕ್ಕಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ.

ಆ ಪುಟ ಓದುವ ಹಾಗೂ ಇರಬೇಕು. ಪಾಲಿಕೆಗಳು ಹಾಕುವ ಎಷ್ಟೋ ದಾಖಲೆಗಳು ಕಾಗದವನ್ನು ಓರೆಯಾಗಿ ಸ್ಕ್ಯಾನ್ ಮಾಡಿದ ಪಿಡಿಎಫ್‌ಗಳು. ಮೇಲೆ ಸೀಲು, ಅದರ ಮೇಲೆ ಸಹಿ, ಅಕ್ಷರ ಮಸುಕು. ಅದರೊಳಗೆ ನಿಮ್ಮ ಬೀದಿಯ ಹೆಸರು ಹಾಕಿ ಹುಡುಕಿದರೆ ಸಿಗುವುದಿಲ್ಲ, ಯಾಕೆಂದರೆ ಅದು ಬರಹವಲ್ಲ, ಚಿತ್ರ. ಕಣ್ಣು ಕಾಣದವರು ಫೋನಿನಲ್ಲಿ ಓದಿಸಿಕೊಳ್ಳಲೂ ಆಗುವುದಿಲ್ಲ. ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿ ಹಾಗೇ ಹಾಕಿದರೂ ಇದೇ ಪಾಡು: ಬೇರೆ ಫೋನಿನಲ್ಲಿ ತೆರೆದರೆ ಅರ್ಥವಿಲ್ಲದ ಅಕ್ಷರಗಳ ಗುಡ್ಡೆ. ಯೂನಿಕೋಡ್‌ನಲ್ಲಿ, ಅಂದರೆ ಯಾವ ಫೋನಿನಲ್ಲೂ ಸರಿಯಾಗಿ ಕಾಣುವ ಅಕ್ಷರದಲ್ಲಿ, ಟೈಪ್ ಮಾಡಿ. ಈಗ ಎಲ್ಲರ ಫೋನಿನಲ್ಲೂ ಕನ್ನಡ ಕೀಲಿಮಣೆ ಇದೆ. ಮಾತಾಡಿದರೆ ತಾನೇ ಬರೆದುಕೊಳ್ಳುತ್ತದೆ. ಸಹಿ ಇರುವ ಕಾಗದ ಕಚೇರಿಯಲ್ಲಿ ಇರಲಿ, ಟೈಪ್ ಮಾಡಿದ್ದು ಜನರಿಗೆ ಸಿಗಲಿ. ಬೇರೆ ಭಾಷೆಯವರು ಜಾಸ್ತಿ ಇರುವ ವಾರ್ಡಿನಲ್ಲಿ ಇಂಗ್ಲಿಷ್, ಉರ್ದು, ತಮಿಳು, ತೆಲುಗು, ಹಿಂದಿ ಸಾರಾಂಶ ಕೊಟ್ಟರೆ ಇನ್ನೂ ಒಳ್ಳೆಯದು. ಆದರೆ ಕನ್ನಡದ್ದು ಮೊದಲು ಬರಲಿ. ಎಷ್ಟೋ ಅಪಾರ್ಟ್‌ಮೆಂಟ್ ವಾರ್ಡುಗಳಲ್ಲಿ ಎಲ್ಲವೂ ಇಂಗ್ಲಿಷಿನಲ್ಲೇ ನಡೆದು, ಕೆಳಗಿನ ಬೀದಿಯ ಹಳೆಯ ಊರಿನವರು ಸುಮ್ಮನೆ ಕೂತು ಎದ್ದು ಹೋಗುತ್ತಾರೆ.

ಇಂಟರ್‌ನೆಟ್ ಇಲ್ಲದವರನ್ನು ಏನು ಮಾಡುವುದು? ಪೌರಕಾರ್ಮಿಕರು, ತಳ್ಳುಗಾಡಿಯವರು, ಕಟ್ಟಡ ಕೆಲಸದವರು, ಮನೆಯಲ್ಲಿ ಒಂದೇ ಫೋನ್ ಇದ್ದು ಅದು ಗಂಡನ ಜೇಬಿನಲ್ಲಿ ಇರುವ ಹೆಂಗಸರು. ವಾರ್ಡಿನ ನೀರು, ಕಸ, ದೀಪದ ತೊಂದರೆಯನ್ನು ಎಲ್ಲರಿಗಿಂತ ಜಾಸ್ತಿ ಅನುಭವಿಸುವವರು ಇವರೇ. ಹಳ್ಳಿಗಳಲ್ಲಿ ಗ್ರಾಮಸಭೆಗೆ ಡಂಗುರ ಸಾರುವ ಪದ್ಧತಿ ಇತ್ತು, ಕೆಲವು ಕಡೆ ಇನ್ನೂ ಇದೆ. ಓದು ಬಾರದವರಿಗೂ ಸುದ್ದಿ ಮುಟ್ಟುತ್ತಿತ್ತು. ನಗರದಲ್ಲಿ ಅದಕ್ಕೆ ಬೇಕಾದ ಸಲಕರಣೆ ದಿನಾ ನಮ್ಮ ಮನೆ ಮುಂದೆ ಬರುತ್ತದೆ. ಕಸದ ಆಟೋಗೆ ಧ್ವನಿವರ್ಧಕ ಇದೆ, ಹಸಿ ಕಸ ಒಣ ಕಸ ಬೇರೆ ಮಾಡಿ ಎಂದು ಬೆಳಗ್ಗೆಯೇ ಕೂಗುತ್ತದೆ. ಸಭೆಯ ಹಿಂದಿನ ಮೂರು ದಿನ ಅದೇ ಧ್ವನಿವರ್ಧಕದಲ್ಲಿ "ಈ ಶನಿವಾರ ಹನ್ನೊಂದಕ್ಕೆ ವಾರ್ಡ್ ಆಫೀಸಿನಲ್ಲಿ ಸಭೆ, ನಿಮ್ಮ ತೊಂದರೆ ಹೇಳಿಕೊಳ್ಳಬಹುದು" ಎಂದು ಸೇರಿಸಿದರೆ ಖರ್ಚೇನೂ ಇಲ್ಲ.

ನಡವಳಿಯ ಪುಟವನ್ನೂ ಪ್ರಿಂಟ್ ತೆಗೆದು ನ್ಯಾಯಬೆಲೆ ಅಂಗಡಿಯ ಬಾಗಿಲಿಗೆ, ಅಂಗನವಾಡಿಗೆ, ಹಾಲಿನ ಬೂತಿಗೆ ಅಂಟಿಸಿ. ಕೆಳಗೆ ಒಂದು ಕ್ಯೂಆರ್ ಕೋಡ್ ಇರಲಿ. ಫೋನ್ ಇದ್ದವರು ಪೂರ್ತಿ ಓದುತ್ತಾರೆ, ಇಲ್ಲದವರು ಅಲ್ಲೇ ನಿಂತು ಓದುತ್ತಾರೆ ಅಥವಾ ಅಂಗಡಿಯವರನ್ನು ಕೇಳುತ್ತಾರೆ. ಹಾಗೆಯೇ ಅವರ ದೂರು ಸಮಿತಿಗೆ ಮುಟ್ಟುವ ದಾರಿಯೂ ಬೇಕು. ಬಾಯಲ್ಲಿ ಹೇಳಿದ ದೂರನ್ನು ಆಶಾ ಕಾರ್ಯಕರ್ತೆಯೋ ಸಮಿತಿಯ ಸದಸ್ಯರೋ ಬರೆದುಕೊಂಡು ಅದೇ ಪಟ್ಟಿಗೆ ಸೇರಿಸಬೇಕು. ಗೂಗಲ್ ಫಾರ್ಮ್ ತುಂಬಿದವರ ದೂರು ಮೇಲೆ, ಬಾಯಲ್ಲಿ ಹೇಳಿದವರದ್ದು ಕೆಳಗೆ ಅನ್ನುವಂತಾಗಬಾರದು. ಫಾರ್ಮಿನ ಉತ್ತರಗಳನ್ನು ಎಣಿಸಿ "ವಾರ್ಡಿನ ಜನ ಪಾರ್ಕಿಗೆ ಬೇಲಿ ಬೇಕು ಅಂದಿದ್ದಾರೆ" ಎಂದು ತೀರ್ಮಾನಿಸುವುದೂ ಸರಿಯಲ್ಲ. ಫಾರ್ಮ್ ತುಂಬಿದವರು ಹಾಗೆ ಅಂದಿದ್ದಾರೆ, ಅಷ್ಟೇ. ಪಾರ್ಕಿನ ಬೆಂಚಿನಲ್ಲಿ ಮಧ್ಯಾಹ್ನ ಮಲಗುವ ಆಟೋ ಚಾಲಕರನ್ನು ಯಾರೂ ಕೇಳಿಲ್ಲ.

ಯಾವುದು ಯಾರ ಕೆಲಸ ಎಂದು ಆ ಪುಟದಲ್ಲೇ ಒಂದು ಕಡೆ ಬರೆದಿಡಿ. ಇದರಿಂದ ಅರ್ಧ ಗೊಂದಲ ಕಡಿಮೆಯಾಗುತ್ತದೆ. ಬೆಂಗಳೂರಿನಲ್ಲಿ ರಸ್ತೆ ಬದಿಯ ಮೋರಿ ಪಾಲಿಕೆಯದು, ಮ್ಯಾನ್‌ಹೋಲ್ ಉಕ್ಕಿದರೆ ಅದು ಜಲಮಂಡಳಿಯದು. ಪಾಲಿಕೆಗೆ 1533, ಜಲಮಂಡಳಿಗೆ 1916, ಬೆಸ್ಕಾಂಗೆ 1912. ಬೀದಿ ದೀಪ ಬೆಸ್ಕಾಂನದ್ದು ಅಂದುಕೊಂಡು ಅಲ್ಲಿಗೇ ಫೋನ್ ಮಾಡಿ ಸುಸ್ತಾದವರು ಎಷ್ಟೋ ಜನ.

ಇನ್ನು ಖಾತೆಗಳ ವಿಚಾರ. ಒಬ್ಬ ಉತ್ಸಾಹಿ ಹುಡುಗ ಸಮಿತಿಗೆ ಫೇಸ್‌ಬುಕ್ ಪುಟ ಮಾಡಿಕೊಡುತ್ತಾನೆ, ತನ್ನ ಜೀಮೇಲ್‌ನಿಂದ. ನಕ್ಷೆ ಮಾಡುತ್ತಾನೆ, ದೂರಿನ ಪಟ್ಟಿ ಮಾಡುತ್ತಾನೆ, ಎಲ್ಲ ಅವನ ಗೂಗಲ್ ಡ್ರೈವ್‌ನಲ್ಲಿ. ಅವನಿಗೆ ಪುಣೆಯಲ್ಲಿ ಕೆಲಸ ಸಿಗುತ್ತದೆ. ಪುಟ ಅಲ್ಲಿಗೆ ನಿಲ್ಲುತ್ತದೆ. ನಮ್ಮ ವಾರ್ಡಿನಲ್ಲಿ ಹೀಗೇ ಆಯಿತು, ಇದನ್ನು ಓದುವ ಎಷ್ಟೋ ಸದಸ್ಯರ ವಾರ್ಡಿನಲ್ಲೂ ಆಗಿರುತ್ತದೆ. ಆ ಹುಡುಗನದ್ದು ಏನೂ ತಪ್ಪಿಲ್ಲ. ಎರಡು ವರ್ಷ ನಮಗೆ ದುಡಿದುಕೊಟ್ಟ. ಸಮಿತಿಯ ಹೆಸರಿನಲ್ಲಿ ಒಂದು ಇಮೇಲ್ ಇದ್ದು, ಅದರ ಪಾಸ್‌ವರ್ಡ್ ವಾರ್ಡ್ ಕಚೇರಿಯಲ್ಲೂ ಇಬ್ಬರು ಸದಸ್ಯರ ಬಳಿಯೂ ಇದ್ದಿದ್ದರೆ ಅವನ ಕೆಲಸ ಉಳಿಯುತ್ತಿತ್ತು. ಹಾಗಾಗಿ ಆಯುಕ್ತರೇ, ದಯವಿಟ್ಟು ವಾರ್ಡಿಗೊಂದು ಅಧಿಕೃತ ಇಮೇಲ್ ಕೊಡಿ, ಪಾಲಿಕೆಯ ಜಾಲತಾಣದಲ್ಲೇ ವಾರ್ಡಿಗೊಂದು ಪುಟ ಕೊಡಿ. ಸಮಿತಿ ಬದಲಾದರೂ ವಿಳಾಸ ಬದಲಾಗಬಾರದು. ತಿಂಗಳಿಗೆ ಒಂದು ಪುಟ ಟೈಪ್ ಮಾಡಿ ಹಾಕುವ ಹೊಣೆಯನ್ನು ಕಚೇರಿಯ ಒಬ್ಬರಿಗೆ ಹೆಸರು ಹಿಡಿದು ವಹಿಸಿ. ಸ್ವಯಂಸೇವಕರು ಮಾಡುತ್ತಾರೆ ಬಿಡಿ ಎಂದು ಕೈ ತೊಳೆದುಕೊಳ್ಳಬೇಡಿ.

ಬೆಂಗಳೂರಿನ ಐದೂ ಪಾಲಿಕೆಗಳ ಆಯುಕ್ತರಿಗೆ ಒಂದು ವಿಶೇಷ ಮನವಿ. ಮೊದಲು 198 ವಾರ್ಡ್ ಇತ್ತು. ಆಮೇಲೆ 243 ಎಂದು ಕಾಗದದ ಮೇಲೆ ಆಯಿತು, 225 ಆಯಿತು. ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂದ ಮೇಲೆ ಈಗ ಐದು ಪಾಲಿಕೆ ಸೇರಿ 369. ಬೀದಿಗಳು ಅವೇ, ಜನ ಅವರೇ, ಗಡಿ ಬದಲಾಯಿತು. ಹಳೆಯ 198 ವಾರ್ಡುಗಳ ಸಮಿತಿಗಳು ವರ್ಷಗಟ್ಟಲೆ ಕೂತು ಬರೆದ ನಡವಳಿಗಳು ಇವೆಯಲ್ಲ, ಅವು ಕಳೆದುಹೋಗದಂತೆ ನೋಡಿಕೊಳ್ಳಿ. ಹಳೆಯ ಯಾವ ವಾರ್ಡು ಹೊಸ ಯಾವ ವಾರ್ಡುಗಳಿಗೆ ಹಂಚಿಹೋಗಿದೆ ಎಂದು ಗುರುತು ಮಾಡಿ, ಹಳೆಯ ದಾಖಲೆಯನ್ನು ಹೊಸ ಪುಟಕ್ಕೆ ಜೋಡಿಸಿ. ರಾಜಕಾಲುವೆ ಒತ್ತುವರಿ, ಆಟದ ಮೈದಾನ, ಕೆರೆಯ ಅಂಚು, ಇಂಥ ವಿಷಯಗಳಲ್ಲಿ ಐದಾರು ವರ್ಷದ ಹಿಂದೆ ಸಮಿತಿಯ ಮುಂದೆ ಯಾರು ಏನು ಒಪ್ಪಿಕೊಂಡಿದ್ದರು ಅನ್ನುವುದು ನಾಳೆ ಬಹಳ ಮುಖ್ಯವಾಗಬಹುದು. ಹೊಸದಾಗಿ ಸಮಿತಿಗೆ ಬರುವವರು ಸೊನ್ನೆಯಿಂದ ಶುರು ಮಾಡುವಂತೆ ಆಗಬಾರದು.

ಸದಸ್ಯರೇ, ಆಯುಕ್ತರ ಸುತ್ತೋಲೆ ಬರುವವರೆಗೆ ಕಾಯಬೇಕಿಲ್ಲ. ಮುಂದಿನ ಸಭೆಯ ಅಜೆಂಡಾದಲ್ಲಿ ಮೊದಲ ವಿಷಯವಾಗಿ "ಹೋದ ಸಭೆಯಲ್ಲಿ ಹೇಳಿದ್ದು ಏನಾಯಿತು" ಎಂದು ಹಾಕಿ. ಪಟ್ಟಿಯನ್ನು ಗಟ್ಟಿಯಾಗಿ ಓದಿ. ಆಗಿದ್ದಕ್ಕೆ ಆಯಿತು, ಆಗದ್ದಕ್ಕೆ ಯಾಕೆ ಆಗಿಲ್ಲ ಎಂದು ಅಲ್ಲೇ ಬರೆಯಿರಿ. ಸಭೆ ಮುಗಿದ ಮೇಲೆ ಹತ್ತು ನಿಮಿಷ ಕೂತು ಅದನ್ನೇ ಟೈಪ್ ಮಾಡಿ, ಗ್ರೂಪಿಗೂ ಕಳಿಸಿ, ಎಲ್ಲರೂ ತೆರೆಯಬಹುದಾದ ಒಂದು ಪುಟಕ್ಕೂ ಹಾಕಿ. ಟೈಪ್ ಮಾಡಲು ಯಾರೂ ಇಲ್ಲ ಅಂದರೆ ಸಭೆಯಲ್ಲೇ ಕೇಳಿ. ಪಕ್ಕದ ಕಾಲೇಜಿನ ವಿದ್ಯಾರ್ಥಿಗಳು ಇದ್ದಾರೆ, ನಿವೃತ್ತ ಮೇಷ್ಟ್ರುಗಳು ಇದ್ದಾರೆ. ನಮ್ಮ ವಾರ್ಡಿನ ಮಟ್ಟಿಗೆ ಆ ಕೆಲಸ ನಾನು ಮಾಡಿಕೊಡುತ್ತೇನೆ. ಮೊದಲ ಸಾಲಿಗೆ ಶಾಲೆಯ ಹಿಂದಿನ ಆ ಮೂರು ಕಂಬ ಬರಲಿ ಅನ್ನುವುದು ನನ್ನ ಕೋರಿಕೆ. ಹೊಲಿಗೆ ಅಂಗಡಿಯ ಅಕ್ಕನಿಗೆ ಆ ಪುಟದ ಒಂದು ಪ್ರಿಂಟ್ ನಾನೇ ಕೊಟ್ಟು ಬರುತ್ತೇನೆ.

ವಂದನೆಗಳೊಂದಿಗೆ,
ವಾರ್ಡಿನ ಒಬ್ಬ ನಿವಾಸಿ